ಕುಂಟು ಕುರ್ಚಿಯ ಸಸ್ಯಾಹಾರಿ

ನೆವಿಲ್ ಟ್ರೆಂಬತ್ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೋಗುತ್ತ ಹೋಗುತ್ತ ನಿಮಗೆ ಹಾಗನ್ನಿಸೀತು. ಅವನು ಬರೀ ತಲೆಯಾಡಿಸಿದ. ಬಾಯಿ ತುಂಬ ಅಣಬೆ ತುಂಬಿಕೊಂಡ ಮನುಷ್ಯ ಅದಕ್ಕಿಂತ ಹೆಚ್ಚಿಗೆ ಇನ್ನೇನು ಮಾಡಿಯಾನು?

ಮೆಲ್ಬರ್ನಿನ ಉತ್ತರಕ್ಕೆ, ಪ್ರೆಸ್ಟನ್ನಿನ ಟ್ರಾಮ್ ದಾರಿಯಲ್ಲಿ, ‘ಕುಂಟು ಕುರ್ಚಿ’ ಎಂಬ ಕೆಫೆ ಇದೆ. ಹೆಸರು ಸುಮ್ಮನೆ ಬಂದದ್ದಲ್ಲ. ಬೀದಿಯವರು ಮನೆ ಮುಂದೆ ಎಸೆದ ಹಳೆ ಸಾಮಾನಿನಿಂದ ಒಡತಿ ಬ್ರಯೋನಿ ಹೆಕ್ಕಿ ತಂದ ಕುರ್ಚಿಗಳೇ ಅಲ್ಲಿ ತುಂಬಿವೆ. ಒಂದರ ಹಾಗೆ ಇನ್ನೊಂದಿಲ್ಲ, ಒಂದಕ್ಕೂ ನಾಲ್ಕು ಕಾಲು ಸಮ ಇಲ್ಲ. ದೀಪಗಳಿಗೆ ತೂತಿನ ಜರಡಿ ಹೊದಿಸಿದ್ದಾಳೆ. ಬಿಲ್ಲನ್ನು ಹಳೇ ಹಲ್ಲಿನ ಅಚ್ಚಿನ ಬಾಯಿಗೆ ಕಚ್ಚಿಸಿ ತಂದಿಡುತ್ತಾಳೆ. ಬ್ರಯೋನಿಯ ತಲೆಗೂದಲು ಒಂದು ಪಕ್ಕ ಹಸಿರು, ಇನ್ನೊಂದು ಪಕ್ಕ ಇಲ್ಲವೇ ಇಲ್ಲ. ಆದರೂ ಮನಸ್ಸು ಬೆಣ್ಣೆ. ಸಸ್ಯಾಹಾರಿಗಳು ಬಂದರೆ ಅವರನ್ನು ಬೀಗರ ಹಾಗೆ ಉಪಚರಿಸುತ್ತಿದ್ದಳು. ಹಾಗಂತ ಮಾಂಸ ತಿನ್ನುವವರನ್ನು ಓಡಿಸುತ್ತಿದ್ದಳೆಂದಲ್ಲ. ಹಂದಿಮಾಂಸದ ಬೇಕನ್ ಬೇಕೆಂದವರಿಗೆ ಬೇಕನ್ ಕೊಡುತ್ತಿದ್ದಳು. ಈ ಕಥೆಯಲ್ಲಿ ನೆವಿಲ್‌ಗೆ ಯಾರೂ ಏನನ್ನೂ ಬಿಡು ಅನ್ನಲಿಲ್ಲ, ಇದನ್ನೂ ನೆನಪಿಟ್ಟುಕೊಳ್ಳಿ.

ನೆವಿಲ್ ನೀರಿನ ನಲ್ಲಿ, ಪೈಪು ಮಾರುವ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತು ನಿಂತು ನಿವೃತ್ತನಾದವನು. ಹೆಂಡತಿ ಮೊರೀನ್ ತೀರಿಕೊಂಡ ಮೇಲೆ ವಾರದ ಉಳಿದ ದಿನಗಳನ್ನು ಹೇಗೋ ತಳ್ಳುತ್ತಿದ್ದ. ಶನಿವಾರ ಮಾತ್ರ ಮುಂದಕ್ಕೇ ಹೋಗುತ್ತಿರಲಿಲ್ಲ. ಆ ದಿನ ಮೆಲ್ಬರ್ನಿನಲ್ಲಿ ಎಲ್ಲರೂ ಯಾರ ಜೊತೆಗೋ ಕೂತು ತಿಂಡಿಗೆ ತಡವಾಗಿ, ಊಟಕ್ಕೆ ಬೇಗವಾಗಿ ಏನನ್ನೋ ತಿನ್ನುತ್ತಿರುತ್ತಾರೆ. ಒಬ್ಬನೇ ಇರುವವನಿಗೆ ಅದನ್ನು ಕಿಟಕಿಯ ಆಚೆಯಿಂದ ನೋಡುವುದು ಕಷ್ಟ. ಮಾರ್ಚಿನ ಒಂದು ಶನಿವಾರ ಅವನು ಧೈರ್ಯ ಮಾಡಿ ಒಳಗೆ ಹೋದ.

ಹೋದದ್ದು ಬೇಕನ್ ತಿನ್ನಲಿಕ್ಕೇ. ಆದರೆ ಅದರ ಕೊನೆಯ ತುಂಡು ಆಗಷ್ಟೇ ಮರ್ವ್ ಎಂಬ ನಿವೃತ್ತ ಟ್ರಾಮ್ ಚಾಲಕನ ತಟ್ಟೆಗೆ ಬಿದ್ದಿತ್ತು. ‘ಅಣಬೆ ಚೆನ್ನಾಗಿದೆ ಇವತ್ತು, ತಗೊಳ್ಳಿ’ ಎಂದಳು ಬ್ರಯೋನಿ. ಖಾಲಿ ಇದ್ದದ್ದು ಎಲ್ಲರೂ ಹಂಚಿಕೊಂಡು ಕೂರುವ ಉದ್ದನೆಯ ಮೇಜಿನ ತುದಿಯಲ್ಲಿ ಒಂದು ಕುರ್ಚಿ ಮಾತ್ರ. ಯಾವುದೋ ಹಲ್ಲಿನ ವೈದ್ಯರ ಕಾಯುವ ಕೋಣೆಯಿಂದ ಬಂದದ್ದು, ಕೂತವನ ಎದೆ ತನ್ನಷ್ಟಕ್ಕೆ ಡವಗುಟ್ಟುವಂಥದ್ದು. ಪಕ್ಕದ ಪಿಯಾನೊ ಸ್ಟೂಲಿನ ಮೇಲೆ ಕಪ್ಪು ಕಾರ್ಡಿಗನ್ ತೊಟ್ಟ ಹೆಂಗಸೊಬ್ಬಳು ಹಾಲಿಲ್ಲದ ಕಾಫಿ ಕುಡಿಯುತ್ತ, ಆಲಿವ್ ಎಣ್ಣೆಯಲ್ಲಿ ಅದ್ದಿದ ಬರೀ ಬ್ರೆಡ್ ತಿನ್ನುತ್ತಿದ್ದಳು. ನೆವಿಲ್‌ನ ತಟ್ಟೆಯ ಕಡೆ ನೋಡಿ ಕೇಳಿದಳು:

‘ನೀವೂ ಮಾಂಸ ಮುಟ್ಟಲ್ವಾ?’

ಬಾಯಲ್ಲಿ ಅಣಬೆ ಇತ್ತು. ತಲೆಯಾಡಿಸಿದ.

ಆಕೆಯ ಮುಖ ಅರಳಿತು. ‘ಸದ್ಯ, ಜೊತೆಗೊಬ್ಬರು ಸಿಕ್ಕಿದ್ರಲ್ಲ. ಸುತ್ತಲೂ ಎಲ್ಲ ಬೇಕನ್ ಜಗೀತಿದ್ರೆ ಒಬ್ಬಳೇ ಕೂತು ತಿನ್ನೋದು ಎಷ್ಟು ಕಷ್ಟ ಗೊತ್ತಾ? ನನ್ನ ಹೆಸರು ಫೊಟಿನಿ.’

ನೆವಿಲ್ ಅಣಬೆ ನುಂಗುವಷ್ಟರಲ್ಲಿ ಆಕೆ ಅವನಿಗೆ ಉಪ್ಪಿನ ಡಬ್ಬಿ ದಾಟಿಸಿ, ತನ್ನ ಹೊಲಿಗೆ ಅಂಗಡಿಯ ವಿಷಯ, ಸತ್ತ ಗಂಡನ ಗೊರಕೆಯ ವಿಷಯ, ಪಕ್ಕದ ಮನೆಯವರ ನಿಂಬೆಗಿಡ ತನ್ನ ಬೇಲಿ ದಾಟಿದ ವಿಷಯ ಮೂರನ್ನೂ ಮುಗಿಸಿದ್ದಳು. ಮೊರೀನ್ ಹೋದ ಮೇಲೆ ಅವನ ಜೊತೆ ಒಂದೇ ಉಸಿರಿಗೆ ಇಷ್ಟು ಮಾತಾಡಿದವರು ಯಾರೂ ಇರಲಿಲ್ಲ. ಈಗ ಎದ್ದು ‘ಇಲ್ಲಮ್ಮ, ಬೇಕನ್ ಮುಗಿದಿತ್ತು ಅದಕ್ಕೆ’ ಅನ್ನುವುದೆಂದರೆ ಆ ಕುರ್ಚಿಯನ್ನು ಬಿಟ್ಟು ಹೋದ ಹಾಗೆ. ನೆವಿಲ್ ಸುಮ್ಮನಿದ್ದ. ಮುಂದಿನ ಶನಿವಾರ ಹೋದ, ಅಣಬೆ ತಿಂದ. ಅದರ ಮುಂದಿನ ಶನಿವಾರವೂ.

ಕೆಲವು ವಾರಗಳ ಮೇಲೆ ಫೊಟಿನಿ ಕಾಫಿಗೆ ಹಾಲು ಹಾಕಿಕೊಳ್ಳತೊಡಗಿದಳು. ಮೊಟ್ಟೆಯನ್ನೂ ತಿಂದಳು. ‘ಸ್ವಲ್ಪ ಸಡಿಲ ಬಿಟ್ಟಿದ್ದಾಳೆ’ ಎಂದುಕೊಂಡ ನೆವಿಲ್. ಒಂದು ಶನಿವಾರ ಅವನಿಗೆ ಕೆಂಪು ಬಣ್ಣ ಹಚ್ಚಿದ ಬೇಯಿಸಿದ ಮೊಟ್ಟೆ ಕೊಟ್ಟು, ತನ್ನ ಮೊಟ್ಟೆಯಿಂದ ಅದಕ್ಕೆ ಕುಟ್ಟಿ ಒಡೆದು ಗೆದ್ದಳು. ಆ ದಿನ ಆಕೆಯ ಚೀಲದಲ್ಲಿ ಮುಚ್ಚಳ ಹಾಕಿದ ದೊಡ್ಡ ಡಬ್ಬಿಯೊಂದಿತ್ತು. ಅದನ್ನು ಮೇಜಿನ ಮೇಲಿಟ್ಟು, ನೆವಿಲ್‌ನ ತಟ್ಟೆಯ ಅಣಬೆ ನೋಡಿ, ನಿಟ್ಟುಸಿರು ಬಿಟ್ಟು, ಮತ್ತೆ ಚೀಲದೊಳಗೆ ಇಟ್ಟುಕೊಂಡಳು. ‘ಏನದು?’ ಎಂದ ನೆವಿಲ್. ‘ಏನಿಲ್ಲ ಬಿಡಿ, ನಿಮಗಾಗಲ್ಲ’ ಎಂದಳು.

ಇನ್ನು ಕೆಫೆಯ ನಾಯಿಯ ಮಾತು. ಅದರ ಹೆಸರು ಟರ್ನಿಪ್. ಓಟದ ಪಂದ್ಯಗಳಿಂದ ನಿವೃತ್ತವಾದ ಬೇಟೆನಾಯಿ. ಜೀವಮಾನದ ಓಟವನ್ನೆಲ್ಲ ಮೊದಲೇ ಮುಗಿಸಿದ್ದರಿಂದ ಬಾಗಿಲಿಗೆ ಅಡ್ಡ ಮಲಗಿ, ಬೆಂಕಿ ಬಿದ್ದರೂ ಏಳುತ್ತಿರಲಿಲ್ಲ. ಆದರೆ ನೆವಿಲ್ ಬಂದ ಕೂಡಲೇ ಎದ್ದು ಬಾಲ ಅಲ್ಲಾಡಿಸಿಕೊಂಡು ಅವನ ಕಾಲಬುಡಕ್ಕೆ ಹೋಗಿ, ತೊಡೆಯ ಮೇಲೆ ಗಲ್ಲವಿಟ್ಟು, ಅವನ ಮುಖವನ್ನೇ ನೋಡುತ್ತ ಕೂರುತ್ತಿತ್ತು. ಅಣಬೆಯಿಂದ ತುಂಬದ ಹೊಟ್ಟೆಗೆಂದು ನೆವಿಲ್ ಕೋಟಿನ ಜೇಬಿನಲ್ಲಿ ಒಣಗಿಸಿದ ಮಾಂಸದ ಸಾಸೇಜಿನ ತುಂಡೊಂದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು ಬರುತ್ತಿದ್ದ, ಅಷ್ಟೇ ಕಾರಣ.

‘ನೋಡಿ, ನೋಡಿ’ ಎಂದಳು ಬ್ರಯೋನಿ, ಕಣ್ಣಲ್ಲಿ ನೀರು ತುಂಬಿಕೊಂಡು. ‘ಮೂಕಪ್ರಾಣಿಗಳಿಗೆ ಗೊತ್ತಾಗುತ್ತೆ. ತಮ್ಮನ್ನ ತಿನ್ನದೋರು ಯಾರು ಅಂತ ವಾಸನೇಲೇ ಗೊತ್ತಾಗುತ್ತೆ.’

‘ವಾಸನೇಲೇ ಗೊತ್ತಾಗೋದು, ಅದಂತೂ ನಿಜ’ ಎಂದ ಮರ್ವ್, ಬೇಕನ್ ಜಗಿಯುತ್ತ. ಅವನ ಕಡೆ ನಾಯಿ ತಿರುಗಿಯೂ ನೋಡಲಿಲ್ಲ. ಅವನ ಬೇಕನ್ ಎಂದೂ ಕೆಳಗೆ ಬೀಳುತ್ತಿರಲಿಲ್ಲ.

ಮುಂದಿನ ವಾರ ಗೋಡೆಯ ಮೇಲೆ, ಕಾಫಿ ಯಂತ್ರದ ಪಕ್ಕದಲ್ಲಿ, ನೆವಿಲ್‌ನ ಫೋಟೋ ಬಂದು ಕೂತಿತು. ತೊಡೆಯ ಮೇಲೆ ನಾಯಿಯ ತಲೆ. ಮುಖದಲ್ಲಿ ಸಂತನ ಕಳೆ. ಅದು ಜೇಬು ಮುಚ್ಚಿಕೊಳ್ಳುವ ಗಾಬರಿಯ ಕಳೆ ಎಂದು ಯಾರಿಗೂ ತಿಳಿಯಲಿಲ್ಲ. ಕೆಳಗೆ ಬಣ್ಣದ ಸೀಮೆಸುಣ್ಣದಲ್ಲಿ: ‘ಹುಟ್ಟಾ ಸಸ್ಯಾಹಾರಿ, ನಮ್ಮ ನೆವಿಲ್’.

‘ಹುಟ್ಟಾ ಅಂತ ನಾನೆಲ್ಲಿ ಹೇಳಿದೆ?’ ಎಂದ ನೆವಿಲ್ ಮೆಲ್ಲಗೆ.

‘ದೊಡ್ಡವರು ತಮ್ಮ ದೊಡ್ಡತನ ತಾವೇ ಹೇಳ್ಕೊಳ್ಳಲ್ಲ’ ಎಂದಳು ಬ್ರಯೋನಿ.

ಕಷ್ಟ ಶುರುವಾದದ್ದು ಇಲ್ಲಿಂದ. ಕೆಫೆಯ ಎದುರಿಗೇ ಮಾಂಸದಂಗಡಿ. ಅದು ಮೊರೀನಳ ಅಣ್ಣ ಡಗ್‌ನದು, ಅವನ ಅಪ್ಪ ಹಾಕಿದ ಅಂಗಡಿ. ಮದುವೆಯಾದಾಗಿನಿಂದ ನೆವಿಲ್ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಈಗ ಫೊಟಿನಿಯ ಕಣ್ಣೆದುರಲ್ಲಿ ಅಲ್ಲಿಗೆ ಹೋಗುವುದು ಹೇಗೆ? ಅವನು ಕಪ್ಪು ಕನ್ನಡಕ ಹಾಕಿಕೊಂಡು, ಟ್ರಾಮ್ ಹತ್ತಿ, ಆಮೇಲೆ ಬಸ್ ಹಿಡಿದು, ಗುರುತಿಲ್ಲದ ಬಡಾವಣೆಗೆ ಹೋಗಿ ಕುರಿಯ ಚಾಪ್ಸ್ ತರತೊಡಗಿದ. ವಾಪಸು ಬರುವಾಗ ಪೊಟ್ಟಣವನ್ನು ಪಾಲಕ್ ಸೊಪ್ಪಿನ ಕಂತೆಯ ಕೆಳಗೆ ಮುಚ್ಚಿಡುತ್ತಿದ್ದ. ಸೊಪ್ಪನ್ನು ಎಸೆಯಲು ಮನಸ್ಸು ಬಾರದೆ ಬೇಯಿಸಿ ತಿಂದು, ಆರೋಗ್ಯವೂ ಒಂದಿಷ್ಟು ಸುಧಾರಿಸಿತು. ‘ಸಸ್ಯಾಹಾರದ ತೇಜಸ್ಸು’ ಎಂದು ಬೀದಿಯವರು ಅದಕ್ಕೂ ಹೆಸರಿಟ್ಟರು.

ಡಗ್ ಎಷ್ಟು ದಿನ ಸುಮ್ಮನಿದ್ದಾನು? ಒಂದು ಶನಿವಾರ, ಕೆಫೆ ಗಿಜಿಗುಡುವ ಹೊತ್ತಿನಲ್ಲಿ, ರಕ್ತದ ಕಲೆಯ ಏಪ್ರನ್ ಸಮೇತ ಬಂದು ಆ ಫೋಟೋ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತ.

‘ಹುಟ್ಟಾ?’ ಎಂದ ಡಗ್. ‘ನೆವಿಲ್, ಹುಟ್ಟಾ? ನನ್ನ ತಂಗಿ ಮೂವತ್ತು ವರ್ಷ ನಿನಗೆ ಚಾಪ್ಸ್ ಹುರಿದು ಹಾಕಿದ್ಲಲ್ಲ, ಅದೇನು ಬದನೆಕಾಯಿನಾ?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನೆವಿಲ್ ಜೇಬು ಮುಟ್ಟಿ ನೋಡಿಕೊಂಡ. ಫೊಟಿನಿ ಅವನನ್ನೇ ನೋಡುತ್ತಿದ್ದಳು. ಬ್ರಯೋನಿ ಅವನನ್ನೇ ನೋಡುತ್ತಿದ್ದಳು. ನಾಯಿಯಂತೂ ಯಾವಾಗಲೂ ಅವನನ್ನೇ ನೋಡುತ್ತಿತ್ತು.

‘ಅದು… ಮೊರೀನ್ ಬೇಜಾರು ಮಾಡ್ಕೋತಾಳೆ ಅಂತ…’ ಎಂದ.

ಅಷ್ಟೇ ಹೇಳಿದ್ದು. ವಾಕ್ಯ ಮುಗಿಸಲೂ ಇಲ್ಲ. ಉಳಿದದ್ದನ್ನು ಕೆಫೆಯೇ ಮುಗಿಸಿತು.

‘ಅಯ್ಯೋ ದೇವರೇ’ ಎಂದಳು ಬ್ರಯೋನಿ. ‘ಹೆಂಡತಿ ಮನಸ್ಸು ನೋಯಬಾರದು ಅಂತ ಮೂವತ್ತು ವರ್ಷ ಮಾಂಸ ನುಂಗಿದ್ರಾ?’

ಮೂಲೆಯ ಮೇಜಿನಲ್ಲಿದ್ದ ಹೆಂಗಸೊಬ್ಬಳು ತನ್ನ ಗಂಡನ ಕಡೆ ಎಂಥ ನೋಟ ಬೀರಿದಳೆಂದರೆ, ಆತ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟ. ಡಗ್ ಜಗಳಕ್ಕೆಂದೇ ಬಂದವನು, ಆದರೆ ತಂಗಿಯ ಹೆಸರು ಬಂತಲ್ಲ. ‘ಅಷ್ಟು ಇಷ್ಟ ಇತ್ತಾ ಅವಳ ಮೇಲೆ?’ ಎಂದು ಕೇಳಿ, ಏಪ್ರನ್ನಿನ ಶುಚಿಯಾದ ತುದಿ ಹುಡುಕಿ ಕಣ್ಣೊರೆಸಿಕೊಂಡ. ‘ಆದ್ರೂ ನೀನು ನನಗೆ ಒಂದು ಮಾತು ಹೇಳಬೇಕಿತ್ತು. ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಹಂದಿ ತೊಡೆ ಕಳಿಸ್ತಿದ್ನಲ್ಲ, ನಿನ್ನ ಪಾಲಿಗೆ ಅದು ಹಿಂಸೆ ಆಗಿರಬೇಕು. ಇನ್ನು ಮುಂದೆ ಕಳಿಸಲ್ಲ.’

‘ಕಳಿಸಿದ್ರೆ ಏನೂ…’ ಎಂದ ನೆವಿಲ್.

‘ಇಲ್ಲ, ಕಳಿಸಲ್ಲ’ ಎಂದು ಡಗ್ ಹೊರಟುಹೋದ. ನೆವಿಲ್‌ನ ಕಣ್ಣಲ್ಲೂ ಆಗ ನೀರು ಬಂತು. ಅದು ಮೊರೀನಳಿಗಾಗಿ ಎಂದು ಎಲ್ಲರೂ ತಿಳಿದುಕೊಂಡರು. ಫೊಟಿನಿ ಅವನ ಮುಂಗೈ ಮೇಲೆ ತನ್ನ ಕೈಯಿಟ್ಟಳು. ಒಂದು ಹಂದಿ ತೊಡೆ ಹೋದರೆ ಹೋಗಲಿ, ಈ ಕೈ ಬಂತಲ್ಲ ಎಂದು ನೆವಿಲ್‌ಗೆ ಅನ್ನಿಸಿತು. ಈಗಂತೂ ನಿಜ ಹೇಳುವ ಮಾತೇ ಇರಲಿಲ್ಲ. ಹೇಳಿದರೆ ಅಣಬೆ ಹೋಗುವುದಲ್ಲ, ಆ ಕೈ ಹೋಗುವುದು.

ನವೆಂಬರಿನಲ್ಲಿ ರಾಜ್ಯದ ಚುನಾವಣೆ ಬಂತು. ಚುನಾವಣೆ ಶನಿವಾರ ಎಂದ ಮೇಲೆ ಶಾಲೆಯ ಅಂಗಳದಲ್ಲಿ ಸಾಸೇಜ್ ಸುಡುವುದು ಇದ್ದೇ ಇದೆ. ಬ್ರೆಡ್ಡಿನ ಹಾಳೆಯಲ್ಲಿ ಸುತ್ತಿದ ಸಾಸೇಜ್, ಮೇಲೆ ಹುರಿದ ಈರುಳ್ಳಿ, ಸಾಸ್. ಇದನ್ನು ತಿನ್ನದೆ ಮತ ಹಾಕಿದರೆ ಮತ ಹಾಕಿದ ಹಾಗೇ ಅಲ್ಲ. ಯಾವ ಪಕ್ಷ ಗೆದ್ದರೂ ಸೋತರೂ, ಹೊಟ್ಟೆಯೊಳಗೆ ಹೋದದ್ದಂತೂ ಜನತೆಯ ಪಾಲು. ಪ್ರೆಸ್ಟನ್ನಿನಲ್ಲಿ ಊರ ಫುಟ್‌ಬಾಲ್ ತಂಡದ ಪರವಾಗಿ ಸಾಸೇಜ್ ಸುಡುವವನು ಡಗ್.

ಬ್ರಯೋನಿಗೆ ಒಂದು ಯೋಚನೆ ಹೊಳೆಯಿತು. ಇಂಥವರಿಗೆ ಯೋಚನೆ ಹೊಳೆಯದಿದ್ದರೆ ಊರಿಗೆ ಒಳ್ಳೆಯದು.

‘ಈ ಸಲ ಡಗ್ ಪಕ್ಕದಲ್ಲೇ ನಮ್ಮ ಸಸ್ಯಾಹಾರಿ ಸಾಸೇಜ್ ಮಳಿಗೆ. ಬೇಳೆ, ಬೀಟ್‌ರೂಟ್, ವಾಲ್‌ನಟ್ ಹಾಕಿ ನಾನೇ ಮಾಡ್ತೀನಿ. ಸುಡೋದು ನೆವಿಲ್.’

‘ನನಗೆ ಸುಡೋದು ಬರಲ್ಲ’ ಎಂದ ನೆವಿಲ್.

‘ಮೂವತ್ತು ವರ್ಷ ನುಂಗಿದ ಸಂಕಟ ನಿಮ್ಮ ಕೈಲಿದೆ. ಬಂದೇ ಬರುತ್ತೆ.’

‘ನಾನೂ ಪಕ್ಕದಲ್ಲಿ ನಿಂತು ಬ್ರೆಡ್ ಕೊಡ್ತೀನಿ’ ಎಂದಳು ಫೊಟಿನಿ. ನೆವಿಲ್ ಒಪ್ಪಿಕೊಂಡ.

ಆ ಶನಿವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಅವನ ತಲೆಯ ಮೇಲೆ ಅವನದೇ ಮುಖದ ಬಟ್ಟೆಯ ಫಲಕ ಹಾರಾಡುತ್ತಿತ್ತು. ಪಕ್ಕದಲ್ಲಿ ಡಗ್‌ನ ಹಂಚಿನ ಮೇಲೆ ಸಾಸೇಜುಗಳು ಚುರುಗುಟ್ಟುತ್ತಿದ್ದವು, ಈರುಳ್ಳಿ ಕೆಂಪಾಗುತ್ತಿತ್ತು, ಗಾಳಿ ಅಲ್ಲಿಂದ ಇಲ್ಲಿಗೇ ಬೀಸುತ್ತಿತ್ತು. ಡಗ್‌ನ ಮುಂದೆ ಸಾಲು ಗೇಟಿನ ಆಚೆಗೆ ಹೋಗಿತ್ತು. ನೆವಿಲ್‌ನ ಮುಂದೆ ಸಾಲು ಎನ್ನುವಂಥದ್ದು ಇರಲಿಲ್ಲ. ಬೀಟ್‌ರೂಟ್ ಸಾಸೇಜುಗಳು ಬಿಸಿ ತಾಗಿದ ಕೂಡಲೇ ಮೈ ಬಿಟ್ಟು ಕಂಬಿಯ ಸಂದಿಯಲ್ಲಿ ಇಳಿದುಹೋಗುತ್ತಿದ್ದವು. ಉಳಿದ ಗುಲಾಬಿ ಮುದ್ದೆಯನ್ನು ಫೊಟಿನಿ ಬ್ರೆಡ್ಡಿನಲ್ಲಿ ಸುತ್ತಿ ಕೊಟ್ಟರೆ, ತೆಗೆದುಕೊಂಡವರು ‘ಆಮೇಲೆ ತಿಂತೀವಿ’ ಎಂದು ಹೋಗುತ್ತಿದ್ದರು. ಒಬ್ಬಾತ ಅದನ್ನು ಹಿಡಿದುಕೊಂಡು ಅಂಗಳವೆಲ್ಲ ಸುತ್ತಿ, ಕೊನೆಗೆ ಹೂಕುಂಡದ ಬಳಿ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ಎದ್ದಾಗ ಕೈ ಖಾಲಿಯಿತ್ತು.

ಮರ್ವ್ ಡಗ್‌ನ ಹತ್ತಿರ ಎರಡು ಸಾಸೇಜ್ ತೆಗೆದುಕೊಂಡು, ಒಂದನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಹೋದ. ‘ಇವತ್ತು ಮರ್ವ್‌ಗೆ ಹಸಿವು ಜಾಸ್ತಿ’ ಎಂದ ನೆವಿಲ್.

‘ಇರಬಹುದು’ ಎಂದು ಫೊಟಿನಿ ಬೇರೆ ಕಡೆ ನೋಡಿದಳು. ಸ್ವಲ್ಪ ಹೊತ್ತಿನಲ್ಲಿ ‘ಸಾಲು ಉದ್ದ ಆಗೋ ಮುಂಚೆ ಮತ ಹಾಕಿ ಬರ್ತೀನಿ’ ಎಂದು ಕೈಚೀಲ ಎತ್ತಿಕೊಂಡು ಹೊರಟಳು.

ನೆವಿಲ್ ಒಬ್ಬನೇ ಉಳಿದ. ಟರ್ನಿಪ್ ಅವನ ಕಾಲಬುಡದಲ್ಲಿತ್ತು. ಗಾಳಿ ಇನ್ನೊಮ್ಮೆ ಬೀಸಿತು. ಅವನು ಚಿಮಟ ಕೆಳಗಿಟ್ಟು ಡಗ್‌ನ ಹತ್ತಿರ ಹೋದ.

‘ಒಂದು ಸಾಸೇಜ್ ಕೊಡು’ ಎಂದ. ‘ನನಗಲ್ಲ. ನಾಯಿಗೆ.’

ಡಗ್ ಅವನನ್ನೂ ನಾಯಿಯನ್ನೂ ನೋಡಿದ. ‘ನಾಯಿಗೆ ಬ್ರೆಡ್ ಬೇಕಾ?’

‘ಇರ್ಲಿ. ಅದಕ್ಕೂ ರೂಢಿ.’

‘ಸಾಸ್?’

‘ಸ್ವಲ್ಪ ಹಾಕು.’

‘ಈರುಳ್ಳಿ ನಾಯಿಗೆ ಆಗಲ್ಲ.’

‘ಈ ನಾಯಿಗೆ ಆಗುತ್ತೆ. ಚೆನ್ನಾಗಿ ಕೆಂಪಾಗಿರೋದನ್ನ ಹಾಕು.’

‘ಸಾಸಿವೆ?’

ನೆವಿಲ್ ನಾಯಿಯ ಕಡೆ ತಿರುಗಿ, ಅದರ ಅಭಿಪ್ರಾಯ ಕೇಳಿದವನ ಹಾಗೆ ಒಂದು ಕ್ಷಣ ತಡೆದು, ‘ಬೇಡವಂತೆ’ ಎಂದ.

ಕೈಗೆ ಬಂತು. ಇನ್ನು ತಿನ್ನುವುದೆಲ್ಲಿ? ಶೌಚಾಲಯದ ಹಿಂದೆ ಎಳೆಯ ದಂಪತಿ ಜಗಳವಾಡುತ್ತಿದ್ದರು. ಮರದ ಕೆಳಗೆ ಮೂರು ಪಕ್ಷದವರು ಕರಪತ್ರ ಹಿಡಿದು ಹೊಂಚುಹಾಕಿದ್ದರು. ಎಲ್ಲಿ ನೋಡಿದರೂ ಪ್ರೆಸ್ಟನ್ನಿನ ಜನ, ಎಲ್ಲರಿಗೂ ಅವನ ಮುಖದ ಗುರುತು. ಯೋಚಿಸುತ್ತ ನಿಂತವನಿಗೆ ಥಟ್ಟನೆ ಹೊಳೆಯಿತು: ಇಡೀ ದೇಶದಲ್ಲಿ, ಒಬ್ಬ ಮನುಷ್ಯ ಏನು ಮಾಡುತ್ತಿದ್ದಾನೆಂದು ಇಣುಕಿ ನೋಡಲು ಯಾರಿಗೂ ಹಕ್ಕಿಲ್ಲದ ಜಾಗ ಒಂದೇ ಒಂದು. ಅದು ಐದು ಮಾರು ದೂರದಲ್ಲಿ, ಶಾಲೆಯ ಸಭಾಂಗಣದೊಳಗೆ, ರಟ್ಟಿನ ಮರೆ ಕಟ್ಟಿಕೊಂಡು ಅವನಿಗಾಗಿ ಕಾದಿತ್ತು.

ಸಾಸೇಜನ್ನು ಟೋಪಿಯೊಳಗಿಟ್ಟು, ಟೋಪಿಯನ್ನು ಎದೆಗವುಚಿಕೊಂಡು ನೆವಿಲ್ ಒಳಗೆ ಹೋದ. ದೇಶಭಕ್ತಿಯಿಂದ ಟೋಪಿ ತೆಗೆದಿದ್ದಾನೆಂದು ಬಾಗಿಲಲ್ಲಿದ್ದವರು ಮೆಚ್ಚಿದರು. ನಾಯಿಗೆ ಪ್ರವೇಶವಿಲ್ಲವೆಂದು ಟರ್ನಿಪ್ಪನ್ನು ಹೊರಗೇ ತಡೆದರು. ಅದು ಅಲ್ಲೇ ಕೂತು, ಜೀವನದಲ್ಲೇ ಮೊದಲ ಬಾರಿಗೆ, ಊಳಿಡತೊಡಗಿತು.

ಮತಗಟ್ಟೆಯ ಅಧಿಕಾರಿ ಗ್ಲೆಂಡಾ ಪಿಕರಿಂಗ್ ಅವನ ಹೆಸರು ಗುರುತಿಸಿ ಎರಡು ಮತಪತ್ರ ಕೊಟ್ಟರು. ಒಂದು ಚಿಕ್ಕದು. ಇನ್ನೊಂದು ಮೇಲ್ಮನೆಯದು, ಮೇಜಿನ ಮೇಲೆ ಹಾಸುವಷ್ಟು ಉದ್ದ. ನೆವಿಲ್ ಅದನ್ನು ಹಾಗೇ ಬಳಸಿದ. ರಟ್ಟಿನ ಮರೆಯೊಳಗೆ ಪೂರ್ತಿ ಹಾಸಿ, ಮೇಲೆ ಸಾಸೇಜ್ ಇಟ್ಟು, ಬಗ್ಗಿ, ಎಂಟು ತಿಂಗಳ ಶನಿವಾರಗಳನ್ನೆಲ್ಲ ನೆನೆದು, ಬಾಯಿ ಹಾಕಿದ.

ಅವನು ನಿಧಾನ ತಿಂದ. ಹಿಂದೆ ಸಾಲು ಬೆಳೆಯಿತು.

‘ಎಷ್ಟು ಹೊತ್ತಪ್ಪ ಇವರದು’ ಎಂದರು ಯಾರೋ.

‘ನೆವಿಲ್ ಅಲ್ವಾ? ಆತ ಏನು ಮಾಡಿದ್ರೂ ಆಳವಾಗಿ ಮಾಡೋ ಮನುಷ್ಯ’ ಎಂದರು ಇನ್ಯಾರೋ. ‘ಪ್ರತಿಯೊಬ್ಬ ಅಭ್ಯರ್ಥಿ ಬಗ್ಗೇನೂ ಯೋಚಿಸ್ತಿರಬೇಕು.’

ಕೊನೆಯ ತುತ್ತಿನಲ್ಲಿದ್ದಾಗ ನೆವಿಲ್‌ಗೆ ಒಂದು ಅನುಮಾನ ಬಂತು. ಹುರಿದ ಈರುಳ್ಳಿಯ ವಾಸನೆ ತನ್ನ ಎದುರಿನಿಂದ ಮಾತ್ರವಲ್ಲ, ಎಡಗಡೆಯ ರಟ್ಟಿನ ಆಚೆಯಿಂದಲೂ ಬರುತ್ತಿತ್ತು. ಅಲ್ಲಿಂದ ಮೆತ್ತಗೆ ಜಗಿಯುವ ಸದ್ದೂ ಕೇಳಿಸಿತು. ಯಾರೋ ತನ್ನಂಥ ಪಾಪಿ ಎಂದುಕೊಂಡು, ಬೆಚ್ಚಿ, ಬ್ರೆಡ್ಡನ್ನು ಹಿಂಡಿದ. ಟೊಮೆಟೊ ಸಾಸ್ ಚಿಮ್ಮಿ ಮೇಲ್ಮನೆಯ ಮೂರು ಪಕ್ಷಗಳನ್ನು ಮುಳುಗಿಸಿತು.

ಈ ದೇಶದಲ್ಲಿ ಮತ ಹಾಕದೆ ಹೋಗುವಂತಿಲ್ಲ, ದಂಡ ಬೀಳುತ್ತದೆ. ಸಾಸ್ ಬಳಿದ ಹಾಳೆಯನ್ನು ಪೆಟ್ಟಿಗೆಗೆ ಹಾಕಲು ಮನಸ್ಸು ಒಪ್ಪಲಿಲ್ಲ, ನಲವತ್ತು ವರ್ಷ ಸರಿಯಾದ ನಲ್ಲಿಗೆ ಸರಿಯಾದ ವಾಷರ್ ಕೊಟ್ಟ ಮನುಷ್ಯ ಅವನು. ಹಾಳೆ ಮಡಿಸಿಕೊಂಡು ಗ್ಲೆಂಡಾ ಪಿಕರಿಂಗ್ ಅವರ ಮೇಜಿಗೆ ಹೋದ.

‘ಹಾಳಾಯ್ತು’ ಎಂದ ಮೆತ್ತಗೆ. ‘ಬೇರೆ ಕೊಡ್ತೀರಾ?’

‘ಏನಾಗಿ ಹಾಳಾಯ್ತು?’

‘ಅಂಕಿ ತಪ್ಪಾಯ್ತು.’

ಗ್ಲೆಂಡಾ ಹಾಳೆ ಬಿಚ್ಚಿ ನೋಡಿದರು, ಮೂಸಿದರು, ಕನ್ನಡಕ ಸರಿಮಾಡಿಕೊಂಡರು. ‘ಮತದಾರರು ಮರೆಯೊಳಗೆ ಏನು ಮಾಡಿದ್ರು ಅಂತ ನಾನು ಕೇಳೋ ಹಾಗಿಲ್ಲ. ಕಾನೂನು. ಆದ್ರೆ ಗಲ್ಲ ಒರೆಸ್ಕೊಳ್ಳಿ ಅಂತ ಹೇಳಬಹುದು.’ ಒಂದು ಕಾಗದದ ಕರವಸ್ತ್ರ ಕೊಟ್ಟು, ಅವನ ಹಿಂದಕ್ಕೆ ನೋಡಿ ನಿಟ್ಟುಸಿರಿಟ್ಟರು. ‘ನಿಮ್ಮದೂ ಅಂಕಿ ತಪ್ಪಾಯ್ತಾ, ಅಮ್ಮ?’

ನೆವಿಲ್ ತಿರುಗಿದ. ಮೇಲ್ಮನೆಯ ಹಾಳೆ ಹಿಡಿದು ಫೊಟಿನಿ ನಿಂತಿದ್ದಳು. ಹಾಳೆಯ ಮೇಲೆ ಸಾಸಿವೆ. ತುಟಿಯ ಅಂಚಿನಲ್ಲಿ ಒಂದು ಎಳೆ ಈರುಳ್ಳಿ.

ಹೊರಗೆ ನಾಯಿ ಊಳಿಡುತ್ತಲೇ ಇತ್ತು.

‘ನೀವು ಹುಟ್ಟಾ…’ ಎಂದಳು ಫೊಟಿನಿ.

‘ನೀವು ಮುಟ್ಟೋದೇ ಇಲ್ಲ ಅಂತ…’ ಎಂದ ನೆವಿಲ್.

‘ನನಗೆ ಉಪವಾಸ ಇತ್ತು!’ ಫೊಟಿನಿಯ ದನಿ ಏರಿತು. ‘ಈಸ್ಟರ್ ಮುಂಚಿನ ಉಪವಾಸ. ನಮ್ಮ ಗ್ರೀಕರ ಕಡೆ ಎಲ್ಲರೂ ಮಾಡೋದೇ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹಾಲಿಲ್ಲ, ಈಸ್ಟರ್‌ವರೆಗೆ ಅಷ್ಟೇ. ಆಮೇಲೆ ಆ ಕೆಂಪು ಮೊಟ್ಟೆ ಒಡೆದ ದಿನ ನಿಮಗೋಸ್ಕರ ಕುರಿ ಸುಟ್ಟು ತಂದಿದ್ದೆ, ಗೊತ್ತಾ? ನಿಂಬೆಹಣ್ಣು ಹಿಂಡಿ, ರಾತ್ರಿಯೆಲ್ಲ ಒಲೇಲಿಟ್ಟು. ನೀವು ಅಣಬೆ ತಿಂತಾ ಕೂತಿದ್ರಿ. ಈ ಮನುಷ್ಯನ ಮುಂದೆ ಹೇಗೆ ಬಿಚ್ಚೋದು ಅಂತ ಮುಚ್ಚಿಟ್ಟೆ.’

‘ಆ ಡಬ್ಬಿಲಿ ಕುರಿ ಇತ್ತಾ?’ ಎಂದ ನೆವಿಲ್. ಅವನ ದನಿಯಲ್ಲಿದ್ದ ದುಃಖ ಅಪ್ಪಟವಾದದ್ದು.

‘ಇನ್ನೂ ಕೇಳಿ. ಹೆಂಡತಿಗೋಸ್ಕರ ಮೂವತ್ತು ವರ್ಷ ನುಂಗಿದವರು, ಇವರಿಗೋಸ್ಕರ ನಾನು ಸ್ವಲ್ಪ ದಿನ ಬಿಡಬಾರದಾ ಅಂತ ಮನೇಲೂ ಬಿಟ್ಟೆ. ಮನೇಲೂ! ನನ್ನ ತಂಗಿ ನನಗೆ ಕಾಯಿಲೆ ಅಂತ ಚರ್ಚಲ್ಲಿ ಮೇಣದಬತ್ತಿ ಹಚ್ಚಿಸಿದ್ಲು. ಆದ್ರೆ ಈ ದೇಶದ ಪ್ರಜೆ ಆದಾಗಿನಿಂದ ಸಾಸೇಜ್ ತಿನ್ನದೆ ಒಂದು ಚುನಾವಣೆನೂ ಬಿಟ್ಟೋಳಲ್ಲ ನಾನು, ಅದಕ್ಕೇ ಮರ್ವ್ ಕೈಲಿ ಕದ್ದು ತರಿಸ್ಕೊಂಡೆ. ನೀವೂ ಮನೇಲಿ ಬಿಟ್ಟಿದ್ರಾ?’

ಬಾಯಿ ಬಿಟ್ಟರೆ ಬಣ್ಣಗೇಡು. ನೆವಿಲ್ ಬಿಡಲಿಲ್ಲ.

‘ಚಾಪ್ಸಾ?’ ಎಂದಳು ಫೊಟಿನಿ.

‘ಬುಧವಾರ, ಭಾನುವಾರ’ ಎಂದ ನೆವಿಲ್.

ಫೊಟಿನಿ ಹೊಸ ಹಾಳೆ ಕಿತ್ತುಕೊಂಡು, ಮರೆಯೊಳಗೆ ಹೋಗಿ, ಪೆನ್ಸಿಲ್ ಮುರಿಯುವ ಹಾಗೆ ಅಂಕಿ ಗೀಚಿ, ಪೆಟ್ಟಿಗೆಗೆ ತುರುಕಿ, ಅವನ ಕಡೆ ನೋಡದೆ ಹೊರಟುಹೋದಳು. ಮಳಿಗೆಗೂ ಬರಲಿಲ್ಲ.

‘ಮತದಾನ ಗುಪ್ತ’ ಎಂದರು ಗ್ಲೆಂಡಾ ಪಿಕರಿಂಗ್, ನೆವಿಲ್‌ಗೆ ಹೊಸ ಹಾಳೆ ಕೊಡುತ್ತ. ‘ನಾನು ಏನೂ ಕೇಳಿಸ್ಕೊಂಡಿಲ್ಲ. ಆದ್ರೆ ಬುಧವಾರನೂ ತಿನ್ನಬಾರದಿತ್ತು ನೀವು.’

ಹನ್ನೊಂದರ ಹೊತ್ತಿಗೆ ಅಂಗಳ ಬಿಟ್ಟು ಎಲ್ಲರೂ ಕುಂಟು ಕುರ್ಚಿಗೆ ಬಂದರು. ನೆವಿಲ್ ಬಂದದ್ದು ನಿಜ ಹೇಳಿ ಹೋಗಲು. ಹಲ್ಲಿನ ವೈದ್ಯರ ಕುರ್ಚಿ ಖಾಲಿಯಿತ್ತು. ಪಿಯಾನೊ ಸ್ಟೂಲೂ ಖಾಲಿಯಿತ್ತು. ಆ ಸ್ಟೂಲನ್ನು ನೋಡಿದ ಮೇಲೆ ಅವನಿಗೆ ಹಸಿವೂ ಇರಲಿಲ್ಲ, ಮಾನದ ಚಿಂತೆಯೂ ಇರಲಿಲ್ಲ. ಗೋಡೆಯ ಮೇಲಿನ ತನ್ನ ಫೋಟೋ ಕೆಳಗೆ ಹೋಗಿ ನಿಂತು ಕೆಮ್ಮಿದ.

‘ಎಲ್ಲರಿಗೂ ಒಂದು ಮಾತು ಹೇಳಬೇಕು.’

‘ಮೊದಲು ನನ್ನ ಮಾತು’ ಎಂದು ಬ್ರಯೋನಿ ಅಡುಗೆಮನೆಯಿಂದ ಓಡಿ ಬಂದಳು. ಕೈಯಲ್ಲಿ ಸೀಮೆಸುಣ್ಣ, ಕೆನ್ನೆಯ ಮೇಲೆ ನೀರು. ‘ನೆವಿಲ್, ಇವತ್ತು ನೀವು ಆ ಬಿಸಿಲಲ್ಲಿ, ಒಬ್ಬರೂ ತಿನ್ನದ ಸಾಸೇಜ್ ಹಿಡ್ಕೊಂಡು, ಒಂದು ಮಾತಾಡದೆ ನಿಂತಿದ್ರಲ್ಲ, ಅದನ್ನ ನೋಡಿ ನನಗೆ ನಾಚಿಕೆ ಆಯ್ತು. ನಾನು ಎಂಥ ಹೇಡಿ ಅಂತ. ಅದಕ್ಕೇ ಈಗ್ಲೇ ತೀರ್ಮಾನ ಮಾಡ್ದೆ.’ ಹಲಗೆಯ ಮೇಲೆ ಬರೆದಿದ್ದ ‘ಬೇಕನ್’ ಎಂಬುದನ್ನು ಅಂಗೈಯಿಂದ ಒರೆಸಿಬಿಟ್ಟಳು. ‘ಇವತ್ತಿನಿಂದ ಈ ಕೆಫೆಯಲ್ಲಿ ಮಾಂಸ ಇಲ್ಲ.’

ಚಪ್ಪಾಳೆ ಬಿತ್ತು. ಮರ್ವ್ ಮಾತ್ರ ತಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, ‘ಇದು ಮುಗಿಸಬಹುದಾ?’ ಎಂದು ಕೇಳಿದ.

ನೆವಿಲ್ ಬಾಯಿ ತೆರೆದ. ‘ಬ್ರಯೋನಿ, ನಾನು ನಿಜಕ್ಕೂ…’

ಬಾಗಿಲು ಧಡಾರನೆ ತೆರೆಯಿತು. ಫೊಟಿನಿ ಒಳಗೆ ಬಂದಳು. ಹಲಗೆ ನೋಡಿದಳು, ಅಳುತ್ತಿದ್ದ ಬ್ರಯೋನಿಯನ್ನು ನೋಡಿದಳು, ಚಪ್ಪಾಳೆ ತಟ್ಟುವ ಜನರನ್ನು ನೋಡಿದಳು. ನೆವಿಲ್‌ನ ತೋಳು ಹಿಡಿದು ಎಳೆದುಕೊಂಡು ಹೋಗಿ, ಅವನ ಕುರ್ಚಿಯಲ್ಲಿ ಕೂರಿಸಿದಳು. ತಾನು ಪಿಯಾನೊ ಸ್ಟೂಲಿನ ಮೇಲೆ ಕೂತಳು.

‘ಸುಮ್ನಿರಿ’ ಎಂದಳು ಹಲ್ಲು ಕಚ್ಚಿಕೊಂಡು. ‘ಆ ಮಗು ಅಳ್ತಿದೆ. ಎಂಥ ಮನುಷ್ಯ ರೀ ನೀವು.’

‘ಎಲ್ಲ ಹೇಳಿ ಹೋಗೋಣ ಅಂತ…’

‘ಈಗ ಹೇಳಿದ್ರೆ, ಬೇಕನ್ ಸುಮ್ಮಸುಮ್ನೆ ಹೋಯ್ತು ಅಂತ ಮರ್ವ್ ನಮ್ಮಿಬ್ಬರನ್ನೂ ಕೊಲ್ತಾನೆ.’

ಬ್ರಯೋನಿ ತಾನೇ ತಟ್ಟೆ ತಂದಿಟ್ಟಳು. ಬೆಣ್ಣೆಯಲ್ಲಿ ಹುರಿದ ಅಣಬೆ, ಎಂದಿಗಿಂತ ಎರಡರಷ್ಟು. ಇಬ್ಬರಿಗೂ. ಟರ್ನಿಪ್ ಎದ್ದು ಬಂದು ನೆವಿಲ್‌ನ ತೊಡೆಯ ಮೇಲೆ ಗಲ್ಲವಿಟ್ಟಿತು. ಇಡೀ ಕೆಫೆ ನೋಡುತ್ತಿತ್ತು, ಆದ್ದರಿಂದ ಇಬ್ಬರೂ ತಿಂದರು. ಫೊಟಿನಿ ಒಂದಷ್ಟು ಹೊತ್ತು ಸಿಟ್ಟಿನಿಂದಲೇ ಜಗಿದಳು. ನೆವಿಲ್ ತಲೆಯೆತ್ತಲಿಲ್ಲ. ಎತ್ತಿದರೆ ಆ ಸ್ಟೂಲು ಮತ್ತೆ ಖಾಲಿಯಾಗೀತು ಎಂಬ ಹೆದರಿಕೆ.

‘ನಾಳೆ ಭಾನುವಾರ’ ಎಂದಳು ಫೊಟಿನಿ, ತಟ್ಟೆಯನ್ನೇ ನೋಡುತ್ತ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. ‘ಬರೋ ದಾರೀಲಿ ಡಗ್ ಹತ್ರ ಕುರಿ ತೊಡೆ ತಗೊಂಡೆ. ಒಬ್ಬಳಿಗೆ ಜಾಸ್ತಿ ಆಗುತ್ತೆ. ಬರ್ತೀರಾ?’

ನೆವಿಲ್‌ನ ಬಾಯಿ ತುಂಬ ಅಣಬೆ ಇತ್ತು. ತಲೆಯಾಡಿಸಿದ.